ಖಾತೆಗೆ ಮೈನಸ್ ಬಂದದ್ದು ಎಲ್ಲಿಂದ?

ಪ್ರಶ್ನೆ: ನಮಸ್ಕಾರ ಸರ್. ಕಾರವಾರದ ಬೈತಖೋಲ ಬಂದರಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಬಲೆ, ಹಗ್ಗ, ನೂಲು, ಬೋಟಿನವರಿಗೆ ಬೇಕಾಗುವ ಚಿಲ್ಲರೆ ಸಾಮಾನು ಮಾರುತ್ತೇನೆ. ಒಂದೇ ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಎಸ್‌.ಬಿ. ಖಾತೆ, ಅಂಗಡಿ ಹೆಸರಿಗೆ ಕ್ಯೂ.ಆರ್. ಗೋಸ್ಕರ ತೆರೆದ ಕರೆಂಟ್ ಖಾತೆ ಇದೆ. ಮೇ ಕೊನೆಯಲ್ಲಿ ಎಸ್‌.ಬಿ.ಯಲ್ಲಿ 4,100 ರೂಪಾಯಿ ಇತ್ತು. ಜೂನ್ 5ಕ್ಕೆ ಬೈಕ್ ಸಾಲದ ಕಂತು 3,850. ಸಾಕಾಗುತ್ತದೆ ಅಂದುಕೊಂಡೆ. ಆದರೆ ಕಂತು ವಾಪಸ್ ಹೋಯಿತು. ಎರಡು ಸಲ 295 ರೂಪಾಯಿ ಕಡಿದರು. ಆಮೇಲೆ ಕಾರ್ಡಿನದು ಅಂತ 236. ಕರೆಂಟ್ ಖಾತೆಯಲ್ಲಿ 310 ಇತ್ತು, ಈಗ ಮೈನಸ್ 162 ತೋರಿಸುತ್ತಿದೆ. ನಾನು ಯಾವತ್ತೂ ಓ.ಡಿ., ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಬಿಡುವ ಓವರ್‌ಡ್ರಾಫ್ಟ್ ಕೇಳಿದವನಲ್ಲ. ಮ್ಯಾನೇಜರ್ ಹತ್ತಿರ ಹೋದರೆ, 'ನಿಮ್ಮ ಒಂದು ಲಕ್ಷದ ಎಫ್‌.ಡಿ. ಮೇಲೆ ಓ.ಡಿ. ಮಾಡಿಸಿಕೊಳ್ಳಿ, ಈ ರಗಳೆಯೇ ಇರುವುದಿಲ್ಲ' ಅಂದರು. ಮಗಳ ಕಾಲೇಜಿಗೆ ಅಂತ ಇಟ್ಟ ದುಡ್ಡು ಅದು. ಓ.ಡಿ. ಮಾಡಿಸಬೇಕೇ? ಕಡಿದ ದುಡ್ಡು ವಾಪಸ್ ಸಿಗುತ್ತದೆಯೇ? ಅಮ್ಮನ ಜನಧನ್ ಖಾತೆಯಲ್ಲಿ 10,000 ಸಿಗುತ್ತದೆ ಎನ್ನುತ್ತಾರೆ, ಅದು ಹೌದೇ?

ಉತ್ತರ: ಪಾಸ್‌ಬುಕ್ಕಿನ ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ನೀವು ಪತ್ರದಲ್ಲಿ ಬರೆಯದ ಎರಡು ಸಾಲು ಅದರಲ್ಲಿವೆ. ಮೇ ಕೊನೆಯ ವಾರ 436 ರೂಪಾಯಿ, ಅದರ ಕೆಳಗೇ 20 ರೂಪಾಯಿ. ಇಡೀ ಕಥೆ ಅಲ್ಲೇ ಶುರುವಾದದ್ದು.

436 ಅಂದರೆ ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ವರ್ಷದ ಕಂತು. 20 ಅಂದರೆ ಸುರಕ್ಷಾ ವಿಮೆಯದು. ಯಾವುದೋ ವರ್ಷ ಬ್ಯಾಂಕಿನಲ್ಲಿ ಒಂದು ಫಾರಂಗೆ ಸಹಿ ಹಾಕಿರುತ್ತೀರಿ, ಮರೆತಿರುತ್ತೀರಿ. ಈ ವಿಮೆಗಳ ವರ್ಷ ಜೂನ್ 1ಕ್ಕೆ ಶುರು, ಹಾಗಾಗಿ ಮೇ ಕೊನೆಯಲ್ಲಿ ದುಡ್ಡು ತಾನಾಗಿಯೇ ಹೋಗುತ್ತದೆ. 2022ರ ಜೂನ್‌ಗೆ ಮೊದಲು ಇವು 330 ಮತ್ತು 12 ಇದ್ದವು. ಈಗ ಎರಡೂ ಸೇರಿ 456. ನಿಮ್ಮ 4,100ರಲ್ಲಿ ಅದನ್ನು ಕಳೆದರೆ ಉಳಿದದ್ದು 3,644. ಕಂತು 3,850. ಕಡಿಮೆ ಬಿದ್ದದ್ದು 206 ರೂಪಾಯಿ.

ಆ 206 ರೂಪಾಯಿಗೆ ನೀವು ಬ್ಯಾಂಕಿಗೆ ಕೊಟ್ಟದ್ದು 590. ಫೈನಾನ್ಸ್ ಕಂಪನಿಯವರು ಅವರದ್ದೇ ಬೌನ್ಸ್ ಚಾರ್ಜ್ ಬೇರೆ ಹಾಕಿರುತ್ತಾರೆ, ಅದು ನಿಮ್ಮ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟಿನಲ್ಲಿ ಆ ವಿಮೆಗಳನ್ನು ನಿಲ್ಲಿಸಬೇಡಿ. 436ಕ್ಕೆ 2 ಲಕ್ಷದ ಜೀವವಿಮೆ, 20ಕ್ಕೆ 2 ಲಕ್ಷದ ಅಪಘಾತ ವಿಮೆ. ಇಷ್ಟು ಅಗ್ಗದ್ದು ನನ್ನ ಸರ್ವಿಸಿನಲ್ಲಿ ಬೇರೆ ನೋಡಿಲ್ಲ. ಮೇ ತಿಂಗಳ ಕ್ಯಾಲೆಂಡರಿನಲ್ಲಿ 20ನೇ ತಾರೀಖಿನ ಮೇಲೆ '456' ಅಂತ ಬರೆದಿಟ್ಟರೆ ಸಾಕು.

ಮೂವತ್ತು ವರ್ಷಕ್ಕೂ ಜಾಸ್ತಿ ಬ್ಯಾಂಕಿನಲ್ಲಿದ್ದವನು ನಾನು. ಕಾರವಾರ, ಹೊನ್ನಾವರ, ಕುಮಟಾ, ಕೊನೆಗೆ ಶಿರಸಿ. ಚಾರ್ಜು ಕಡಿಸಿಕೊಂಡು ಕೌಂಟರ್ ಮುಂದೆ ಜಗಳಕ್ಕೆ ನಿಂತವರಲ್ಲಿ ನಿಜವಾಗಿ ದುಡ್ಡಿಲ್ಲದವರು ಕಡಿಮೆ. ದುಡ್ಡು ಬರುವ ತಾರೀಖಿಗೂ ಹೋಗುವ ತಾರೀಖಿಗೂ ಹೊಂದಾಣಿಕೆ ಇಲ್ಲದವರೇ ಜಾಸ್ತಿ. ನಿಮ್ಮ ಅಂಗಡಿಯನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನವರ ಕೈಯಲ್ಲಿ ದುಡ್ಡಿಲ್ಲ, ನಿಮ್ಮ ಗಲ್ಲೆಯಲ್ಲೂ ಇಲ್ಲ. ಹಾಗಂತ ಬೈಕಿನ ಕಂತು ನಿಲ್ಲುತ್ತದೆಯೇ? ಶಾಲೆಯ ಫೀ, ಮಳೆಗಾಲದ ಸಾಮಾನು, ವಿಮೆ, ಎಲ್ಲ ಬಂದು ಕೂರುವುದು ಅದೇ ಹೊತ್ತಿಗೆ. ಬ್ಯಾಂಕಿನ ಕಂಪ್ಯೂಟರಿಗೆ ಮೀನುಗಾರಿಕೆ ರಜೆ ಗೊತ್ತಿಲ್ಲ, ನೂಲ ಹುಣ್ಣಿಮೆಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು 5ನೇ ತಾರೀಖು ಮಾತ್ರ.

ಕಂತು ಎರಡು ಸಲ ಬೌನ್ಸ್ ಆದದ್ದು ಹೇಗೆ ಅಂತ ನಿಮಗೆ ಅರ್ಥವಾಗಿಲ್ಲ ಅನ್ನಿಸುತ್ತದೆ. ಸಾಲ ತೆಗೆದುಕೊಳ್ಳುವಾಗ ನೀವು ಸಹಿ ಮಾಡಿಕೊಟ್ಟದ್ದು ನ್ಯಾಚ್ ಮ್ಯಾಂಡೇಟ್. ತಿಂಗಳು ತಿಂಗಳು ನನ್ನ ಖಾತೆಯಿಂದ ಇಷ್ಟು ತೆಗೆದುಕೊಳ್ಳಿ ಎನ್ನುವ ಒಪ್ಪಿಗೆ ಅದು. 5ರಂದು ಬೇಡಿಕೆ ಬಂತು, 206 ಕಡಿಮೆ ಇತ್ತು, ವಾಪಸ್ ಹೋಯಿತು. ಇದ್ದಷ್ಟು ತೆಗೆದುಕೊಂಡು ಉಳಿದದ್ದು ಆಮೇಲೆ ಅನ್ನುವ ಪದ್ಧತಿ ಇಲ್ಲ, ಪೂರ್ತಿ ಇಲ್ಲದಿದ್ದರೆ ಪೂರ್ತಿ ವಾಪಸ್. ವಾಪಸಿಗೆ 250 ರೂಪಾಯಿ, ಅದಕ್ಕೆ 18% ಜಿ.ಎಸ್‌.ಟಿ. 45, ಒಟ್ಟು 295. ಈ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಬೇರೆ. ಈಗ ಖಾತೆಯಲ್ಲಿ 3,349 ಉಳಿಯಿತು. ನಾಲ್ಕು ದಿನ ಬಿಟ್ಟು ಫೈನಾನ್ಸಿನವರು ಅದೇ ಕಂತನ್ನು ಮತ್ತೆ ಕಳಿಸಿದರು. ಮೊದಲ ಸಲವೇ ದುಡ್ಡು ಸಾಕಾಗದ ಖಾತೆ, 295 ಕಡಿದ ಮೇಲೆ ಸಾಲುತ್ತದೆಯೇ? ಮತ್ತೆ ವಾಪಸ್, ಮತ್ತೆ 295.

ನೀವು ಮಾಡಬೇಕಿದ್ದದ್ದು ಒಂದೇ. 5ರಂದು ಮೆಸೇಜ್ ಬಂದ ಕೂಡಲೇ ಫೈನಾನ್ಸಿನವರಿಗೆ ಫೋನ್ ಮಾಡಿ, ಕಂತನ್ನು ಯು.ಪಿ.ಐ.ನಲ್ಲಿ ಕಟ್ಟಿ, 'ಈ ತಿಂಗಳದ್ದು ಮತ್ತೆ ಬ್ಯಾಂಕಿಗೆ ಕಳಿಸಬೇಡಿ' ಅಂತ ಹೇಳುವುದು. ಎರಡನೇ 295 ಉಳಿಯುತ್ತಿತ್ತು. ಈ ಮೆಸೇಜುಗಳನ್ನು ಓದದೆ ಸರಿಸಿಬಿಡುವ ಅಭ್ಯಾಸ ಎಲ್ಲರಿಗೂ ಇದೆ, ನನ್ನ ಮನೆಯಲ್ಲೂ ಇದೆ.

ಇನ್ನೊಂದು ಹಳೆಯ ನಂಬಿಕೆ ಬಿಡಬೇಕು. '5ನೇ ತಾರೀಖು ಭಾನುವಾರ ಬಂದಿದೆ, ಸೋಮವಾರ ಬೆಳಿಗ್ಗೆ ಹಾಕಿದರಾಯಿತು' ಎನ್ನುವುದು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ. ನೀವು ಆದಿತ್ಯವಾರದ ಸಂತೆಯಲ್ಲಿ ಇರುವ ಹೊತ್ತಿಗೆ ಕಂತು ಬಂದು ವಾಪಸ್ ಹೋಗಿರುತ್ತದೆ. ಹಿಂದಿನ ದಿನ ಸಂಜೆಯೊಳಗೆ ದುಡ್ಡು ಖಾತೆಯಲ್ಲಿರಬೇಕು. ಕಾನೂನಿನ ಮಾತೂ ಒಂದಿದೆ. ಚೆಕ್ ಬೌನ್ಸಿಗೆ ಇರುವಂಥದ್ದೇ ಕ್ರಮ ನ್ಯಾಚ್ ಬೌನ್ಸಿಗೂ 2007ರ ಪಾವತಿ ಕಾಯ್ದೆಯಲ್ಲಿದೆ. ಒಂದು ಕಂತಿಗೆ ಯಾರೂ ಕೋರ್ಟಿಗೆ ಹೋಗುವುದಿಲ್ಲ, ಹೆದರಬೇಡಿ. ಆದರೆ ಪದೇ ಪದೇ ಆದರೆ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ ಕಾಣುತ್ತದೆ.

ಚೆಕ್ ಅಂದಾಗ ನೆನಪಾಯಿತು. ಹುಬ್ಬಳ್ಳಿಯ ಸಗಟು ಅಂಗಡಿಗೆ ಇವತ್ತು ಚೆಕ್ ಕೊಟ್ಟು, ಎರಡು ದಿನ ಬಿಟ್ಟು ಖಾತೆಗೆ ದುಡ್ಡು ತುಂಬುವ ರೂಢಿ ನಿಮ್ಮಂಥ ವ್ಯಾಪಾರಿಗಳಲ್ಲಿ ಜಾಸ್ತಿ. ಆ ಎರಡು ದಿನ ಈಗಿಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಚಿತ್ರ ದಿನವಿಡೀ ಹೋಗುತ್ತಲೇ ಇರುತ್ತದೆ, ನಿಮ್ಮ ಬ್ಯಾಂಕು ಅವತ್ತು ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಅನ್ನಲೇಬೇಕು. ಕೈಯಲ್ಲಿ ದುಡ್ಡಿದ್ದರೆ ಮಾತ್ರ ಚೆಕ್ ಬರೆಯಿರಿ.

ಇನ್ನು ಮೈನಸ್ ವಿಷಯ. ಇಲ್ಲಿ ಎಸ್‌.ಬಿ.ಗೂ ಕರೆಂಟ್ ಖಾತೆಗೂ ದೊಡ್ಡ ವ್ಯತ್ಯಾಸವಿದೆ, ಬಹಳ ಜನರಿಗೆ ಗೊತ್ತಿಲ್ಲ.

ಎಸ್‌.ಬಿ. ಖಾತೆಗೆ ರಿಸರ್ವ್ ಬ್ಯಾಂಕ್ 2014ರ ನವೆಂಬರಿನಲ್ಲಿ ಒಂದು ನಿಯಮ ಮಾಡಿತು, 2015ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಸೀದಾ ದಂಡ ಕಡಿಯುವಂತಿಲ್ಲ. ಮೊದಲು ಮೆಸೇಜಿನಲ್ಲೋ ಪತ್ರದಲ್ಲೋ ತಿಳಿಸಬೇಕು. ಸರಿಮಾಡಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಆಮೇಲೂ ದಂಡ ಎಷ್ಟು ಕಡಿಮೆ ಇದೆಯೋ ಅದಕ್ಕೆ ತಕ್ಕಷ್ಟೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಈ ದಂಡ ಒಂದರಿಂದಲೇ ಎಸ್‌.ಬಿ. ಖಾತೆ ಮೈನಸ್‌ಗೆ ಹೋಗಕೂಡದು. ಯಾರದಾದರೂ ಎಸ್‌.ಬಿ. ಖಾತೆ ಹಾಗೆ ಮೈನಸ್ ಆಗಿದ್ದರೆ ಈ ನಿಯಮ ಹೇಳಿ ಕೇಳಿ, ವಾಪಸ್ ಹಾಕಲೇಬೇಕು. ಈಗಂತೂ ಹಲವು ಬ್ಯಾಂಕುಗಳು ಎಸ್‌.ಬಿ.ಗೆ ಈ ದಂಡವನ್ನೇ ಕೈಬಿಟ್ಟಿವೆ. ಸ್ಟೇಟ್ ಬ್ಯಾಂಕ್ 2020ರಲ್ಲಿ ಬಿಟ್ಟಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ.

ಕರೆಂಟ್ ಖಾತೆಗೆ ಈ ರಕ್ಷಣೆ ಇಲ್ಲ. ಅದು ವ್ಯಾಪಾರದ ಖಾತೆ. ಬಡ್ಡಿ ಕೊಡುವುದಿಲ್ಲ, ಚಾರ್ಜು ಬಿಡುವುದಿಲ್ಲ. ನಿಮ್ಮ ಖಾತೆಗೆ ಮೂರು ತಿಂಗಳ ಸರಾಸರಿ 5,000 ಇರಬೇಕು ಅಂತ ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಮುದ್ರೆ ಇದೆ. ಮಳೆಗಾಲದಲ್ಲಿ ನೀವು ಇಟ್ಟದ್ದು ಐನೂರು, ಮುನ್ನೂರು. ದಂಡ 400, ಜಿ.ಎಸ್‌.ಟಿ. 72, ಒಟ್ಟು 472. ಇದ್ದದ್ದು 310. ಉಳಿದದ್ದು ಮೈನಸ್ 162. ಅದನ್ನೇ ಆ್ಯಪ್ ಓವರ್‌ಡ್ರಾಫ್ಟ್ ಅಂತ ತೋರಿಸುತ್ತಿದೆ. ನೀವು ಕೇಳಿ ಪಡೆದ ಓ.ಡಿ. ಅಲ್ಲ ಅದು. ಖಾತೆ ತಳ ಒಡೆದು ಕೆಳಗೆ ಹೋಗಿದೆ, ಅಷ್ಟೇ. ಹಾಗೇ ಬಿಟ್ಟರೆ ಅದರ ಮೇಲೂ ಬಡ್ಡಿ ಏರುತ್ತದೆ. ನಾಳೆಯೇ 200 ರೂಪಾಯಿ ಹಾಕಿ ಮೇಲೆ ತನ್ನಿ.

ಸರಾಸರಿ ಅಂದರೆ ಏನು ಅಂತಲೂ ಹೇಳುತ್ತೇನೆ, ಇದು ತಿಳಿದರೆ ಅರ್ಧ ದಂಡ ತಪ್ಪುತ್ತದೆ. ದಿನಾ 5,000 ಇರಲೇಬೇಕು ಅಂತ ಅರ್ಥವಲ್ಲ. ಪ್ರತಿ ದಿನದ ಕೊನೆಗೆ ಎಷ್ಟಿತ್ತು ಅಂತ ಕೂಡಿಸಿ, ದಿನಗಳ ಲೆಕ್ಕದಿಂದ ಭಾಗಿಸುತ್ತಾರೆ. 30 ದಿನದ ತಿಂಗಳಿಗೆ 5,000 ಸರಾಸರಿ ಬೇಕು ಅಂದರೆ ಒಟ್ಟು ಒಂದೂವರೆ ಲಕ್ಷ ಬರಬೇಕು. 50,000 ಮೂರು ದಿನ ಇಟ್ಟು, ಉಳಿದ ದಿನ ಖಾಲಿ ಬಿಟ್ಟರೂ ಲೆಕ್ಕ ಕೂಡುತ್ತದೆ. ಮೇ ತಿಂಗಳಲ್ಲಿ ಬೋಟಿನವರು ಉದ್ರಿ ತೀರಿಸಿದ ದುಡ್ಡು ಬಂದಿರುತ್ತದಲ್ಲ, ಅದನ್ನು ಬಂದ ದಿನವೇ ಖಾಲಿ ಮಾಡದೆ ಒಂದು ವಾರ ಕರೆಂಟ್ ಖಾತೆಯಲ್ಲಿ ಬಿಟ್ಟಿದ್ದರೂ ಏಪ್ರಿಲ್-ಜೂನ್ ಸರಾಸರಿಗೆ ಬಹಳ ಸಹಾಯವಾಗುತ್ತಿತ್ತು.

ಅಷ್ಟಕ್ಕೂ ನಿಮಗೆ ಆ ಖಾತೆ ಬೇಕೇ? ಅಂಗಡಿಯ ಕ್ಯೂ.ಆರ್. ಗೋಸ್ಕರ ತೆರೆದದ್ದು ಅಂತ ಬರೆದಿದ್ದೀರಿ. ಕಡಿಮೆ ಬ್ಯಾಲೆನ್ಸಿನ ಕರೆಂಟ್ ಖಾತೆ ಯೋಜನೆ ಇದೆಯೇ ಅಂತ ಕೇಳಿ, ಇದ್ದರೆ ಅದಕ್ಕೆ ಬದಲಾಯಿಸಿಕೊಡಿ ಅನ್ನಿ. ಕೌಂಟರಿನಲ್ಲಿ ಅವರಾಗಿಯೇ ಹೇಳುವುದಿಲ್ಲ, ನಾವೂ ಹೇಳುತ್ತಿರಲಿಲ್ಲ. ಒಪ್ಪಿಕೊಳ್ಳುತ್ತೇನೆ.

ಈಗ ಓ.ಡಿ. ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನ ಹೇಳಬೇಕು.

ಹೊರದೇಶಗಳಲ್ಲಿ ಸಾಮಾನ್ಯ ಖಾತೆಯಲ್ಲೂ ದುಡ್ಡು ಕಡಿಮೆ ಬಿದ್ದರೆ ಬ್ಯಾಂಕೇ ಕೊಟ್ಟು, ಆಮೇಲೆ ಚಾರ್ಜ್ ಹಾಕುವ ಪದ್ಧತಿ ಇದೆ. ನಮ್ಮಲ್ಲಿ ಹಾಗಿಲ್ಲ. ಇಲ್ಲಿ ಇಲ್ಲ ಅಂದರೆ ಇಲ್ಲ, ವಾಪಸ್. ಓ.ಡಿ. ಬೇಕಾದರೆ ಅರ್ಜಿ ಹಾಕಿ, ಸಹಿ ಮಾಡಿ, ಮಂಜೂರು ಮಾಡಿಸಿಕೊಳ್ಳಬೇಕು. ದೊಡ್ಡ ಗಿರಾಕಿಗಳಿಗೆ ಮ್ಯಾನೇಜರ್ ಒಂದೆರಡು ದಿನಕ್ಕೆ ತನ್ನ ಅಧಿಕಾರದಲ್ಲಿ ಮೀರಿ ಕೊಡುವುದುಂಟು. ಅದಕ್ಕೆ ಶಾಖೆಯಲ್ಲಿ ಟಿ.ಓ.ಡಿ. ಅನ್ನುತ್ತೇವೆ. ಅದರ ಬಡ್ಡಿ ಜಾಸ್ತಿ, ಆಡಿಟ್‌ನವರ ಕಿರಿಕಿರಿಯೂ ಜಾಸ್ತಿ, ನಿಮಗೆ ಅದರ ಆಸೆ ಬೇಡ.

ಓ.ಡಿ. ಹುಟ್ಟಿದ್ದೇ ನಿಮ್ಮಂಥ ಒಬ್ಬ ಅಂಗಡಿಯವನಿಗಾಗಿ. 1728ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ವಿಲಿಯಂ ಹಾಗ್ ಅನ್ನುವ ವರ್ತಕನಿದ್ದ. ಅವನಿಗೆ ಗಿರಾಕಿಗಳಿಂದ ದುಡ್ಡು ಬರುವುದು ತಡ, ತಾನು ಕೊಡಬೇಕಾದದ್ದು ಬೇಗ. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಅವನಿಗೆ ಖಾತೆಯಲ್ಲಿ ಇದ್ದದ್ದಕ್ಕಿಂತ 1,000 ಪೌಂಡ್ ಹೆಚ್ಚು ತೆಗೆಯಲು ಬಿಟ್ಟಿತು. ನಮ್ಮ ಶಿರಸಿ ಕಡೆಯವರಿಗೆ ಇದೇನು ಹೊಸದಲ್ಲ. ಅಡಿಕೆ ಕೊಯ್ದು, ಬೇಯಿಸಿಯೋ ಒಣಗಿಸಿಯೋ ಮಾರಿ ದುಡ್ಡು ಬರುವುದು ಬೇಸಿಗೆಯ ಹೊತ್ತಿಗೆ. ಕೊಳೆ ಔಷಧಿ ಹೊಡೆಸುವ ಖರ್ಚು ಮಳೆಗಾಲದಲ್ಲಿ. ನಡುವೆ ಸೊಸೈಟಿಯಿಂದ ಮುಂಗಡ ತೆಗೆದು, ಅಡಿಕೆ ಹಾಕಿದಾಗ ವಜಾ ಮಾಡಿಸುತ್ತಾರೆ. ಹೆಸರು ಬೇರೆ, ಕೆಲಸ ಅದೇ. ಬರುವುದು ಖಾತ್ರಿ ಇರುವ ದುಡ್ಡಿಗೂ ಇವತ್ತಿನ ಖರ್ಚಿಗೂ ನಡುವೆ ಹಾಕುವ ಸಂಕ.

ನಿಮ್ಮ ಎಫ್‌.ಡಿ. ಮೇಲೆ ಓ.ಡಿ. ಮಾಡಿಸಿದರೆ ಲೆಕ್ಕ ಹೀಗಿರುತ್ತದೆ. ಒಂದು ಲಕ್ಷದ ಎಫ್‌.ಡಿ.ಗೆ ಸಾಮಾನ್ಯವಾಗಿ 90,000 ತನಕ ಮಿತಿ ಕೊಡುತ್ತಾರೆ. ಎಫ್‌.ಡಿ.ಗೆ 6.5% ಬಡ್ಡಿ ಬರುತ್ತಿದ್ದರೆ ಓ.ಡಿ.ಗೆ ಅದಕ್ಕಿಂತ ಒಂದೋ ಎರಡೋ ಪರ್ಸೆಂಟ್ ಜಾಸ್ತಿ, 7.5% ಅಂತ ಇಟ್ಟುಕೊಳ್ಳಿ. ಬಡ್ಡಿ 90,000ಕ್ಕೆ ಅಲ್ಲ. ಎಷ್ಟು ತೆಗೆದಿರೋ ಅಷ್ಟಕ್ಕೆ, ಎಷ್ಟು ದಿನ ಇಟ್ಟುಕೊಂಡಿರೋ ಅಷ್ಟು ದಿನಕ್ಕೆ. ಜೂನ್-ಜುಲೈ 60 ದಿನಕ್ಕೆ 20,000 ತೆಗೆದರೆ ಬಡ್ಡಿ ಸುಮಾರು 247 ರೂಪಾಯಿ. ಒಂದು ಬೌನ್ಸಿಗೆ ನೀವು ಕೊಟ್ಟದ್ದು 295! ಅದೇ 20,000ವನ್ನು ನೂರಕ್ಕೆ ತಿಂಗಳಿಗೆ ಮೂರರ ಲೆಕ್ಕದಲ್ಲಿ ಕೈಸಾಲ ತಂದರೆ ಎರಡು ತಿಂಗಳಿಗೆ 1,200. ಎಫ್‌.ಡಿ. ಮುರಿಯುವುದೂ ಬೇಕಾಗಿಲ್ಲ, ಅದಕ್ಕೆ ಬರುವ ಬಡ್ಡಿ ಬರುತ್ತಲೇ ಇರುತ್ತದೆ. ಮುರಿದರೆ ಬಡ್ಡಿ ದರದಲ್ಲಿ ಅರ್ಧವೋ ಒಂದೋ ಪರ್ಸೆಂಟ್ ಕಡಿತ, ಮತ್ತೆ ಆ ದುಡ್ಡು ಎಫ್‌.ಡಿ. ಆಗುವುದು ಡೌಟು.

ಹಾಗಾಗಿ ಮ್ಯಾನೇಜರ್ ಹೇಳಿದ್ದು ಸರಿ. ಮಾಡಿಸಿ. ಆದರೆ ಮಿತಿ 90,000 ಬೇಡ. 30,000 ಸಾಕು ಅಂತ ಬರೆದುಕೊಡಿ. ಯಾಕೆ ಅಂತ ಹೇಳುತ್ತೇನೆ.

ನಾನು ಕರಾವಳಿಯ ಒಂದು ಶಾಖೆಯಲ್ಲಿದ್ದಾಗ ಒಬ್ಬ ಕಿರಾಣಿ ಅಂಗಡಿಯವರಿಗೆ ಓ.ಡಿ. ಮಾಡಿಕೊಟ್ಟಿದ್ದೆವು. ಮಿತಿ ಎರಡು ಲಕ್ಷ. ಮಂಜೂರಾದ ಮರುದಿನ ಅವರ ಮಗ ಎ.ಟಿ.ಎಂ.ನಲ್ಲಿ ಬ್ಯಾಲೆನ್ಸ್ ನೋಡಿ, 'ಅಪ್ಪನ ಖಾತೆಯಲ್ಲಿ ಎರಡು ಲಕ್ಷದ ಹನ್ನೆರಡು ಸಾವಿರ ಇದೆ' ಅಂತ ಮನೆಯಲ್ಲಿ ಹೇಳಿದನಂತೆ. ಅವರದ್ದು ಇದ್ದದ್ದು ಹನ್ನೆರಡು ಸಾವಿರ. ಎರಡು ಲಕ್ಷ ನಮ್ಮದು. ಓ.ಡಿ. ಖಾತೆಯಲ್ಲಿ 'ಅವೈಲೆಬಲ್ ಬ್ಯಾಲೆನ್ಸ್' ಅಂತ ತೋರಿಸುವಾಗ ಮಿತಿಯೂ ಸೇರಿರುತ್ತದೆ. ಈಗ ಮೊಬೈಲ್ ಆ್ಯಪಿನಲ್ಲೂ ಅದೇ ಕಥೆ. ಆ ಸಲ ಚವತಿಗೆ ಅವರ ಮನೆಗೆ ಹೊಸ ಟಿ.ವಿ. ಬಂತು, ಫ್ರಿಜ್ ಬಂತು. ಮುಂದಿನ ಚವತಿಯ ಹೊತ್ತಿಗೆ ಖಾತೆ ಮಿತಿಯ ತುದಿಯಲ್ಲಿ ಕೂತಿತ್ತು. ತಿಂಗಳ ಕೊನೆಗೆ ಬಡ್ಡಿ ಹಾಕಿದರೆ ಮಿತಿ ಮೀರುತ್ತದೆ, ಮೀರಿದರೆ ದಂಡ, ದಂಡಕ್ಕೆ ಮತ್ತೆ ದುಡ್ಡು ತರಬೇಕು. ಅಂಗಡಿಯ ದಾಸ್ತಾನಿನ ಮೇಲೆ ಕೊಟ್ಟ ಓ.ಡಿ. 90 ದಿನ ಒಂದೇ ಸಮನೆ ಮಿತಿ ಮೀರಿದ್ದರೆ, ಅಥವಾ 90 ದಿನ ಅದಕ್ಕೆ ಒಂದು ಪೈಸೆಯೂ ಜಮಾ ಆಗದಿದ್ದರೆ, ಅದು ವಸೂಲಿ ನಿಂತ ಸಾಲಗಳ ಎನ್‌.ಪಿ.ಎ. ಪಟ್ಟಿಗೆ ಹೋಗುತ್ತದೆ. ಎಫ್‌.ಡಿ. ಮೇಲಿನ ಓ.ಡಿ.ಗೆ ಅಷ್ಟು ಕಷ್ಟ ಬರುವುದಿಲ್ಲ, ಯಾಕೆಂದರೆ ನಿಮ್ಮ ಎಫ್‌.ಡಿ. ಬ್ಯಾಂಕಿನ ಕೈಯಲ್ಲೇ ಇದೆ. ತೀರಿಸದಿದ್ದರೆ ವಾಯಿದೆಯ ದಿನ ಅದರಲ್ಲೇ ಮುರಿದುಕೊಳ್ಳುತ್ತಾರೆ. ಬ್ಯಾಂಕಿಗೆ ನಷ್ಟವಿಲ್ಲ. ಹೋಗುವುದು ನಿಮ್ಮ ಮಗಳ ಕಾಲೇಜಿಗೆ ಅಂತ ಇಟ್ಟದ್ದು.

ಸಹಿ ಹಾಕುವ ಮೊದಲು ಮ್ಯಾನೇಜರ್ ಹತ್ತಿರ ನಾಲ್ಕು ಮಾತು ಕೇಳಿ. ಬಡ್ಡಿ ದರ ಎಷ್ಟು, ಎಫ್‌.ಡಿ. ದರಕ್ಕಿಂತ ಎಷ್ಟು ಮೇಲೆ? ಮಾಡಿಸಲು ಚಾರ್ಜ್ ಇದೆಯೇ? ವರ್ಷ ವರ್ಷ ರಿನ್ಯೂವಲ್ ಚಾರ್ಜ್ ಇದೆಯೇ? ಬಳಸದೇ ಬಿಟ್ಟರೆ ಏನಾದರೂ ಕಡಿಯುತ್ತೀರಾ? ಎಫ್‌.ಡಿ. ವಾಯಿದೆ ಯಾವತ್ತು ಅಂತಲೂ ನೋಡಿಕೊಳ್ಳಿ, ಅದು ಮುಗಿದ ದಿನ ಓ.ಡಿ.ಯೂ ಮುಗಿಯುತ್ತದೆ. ಮಳೆಗಾಲದ ನಡುವೆ ಮುಗಿಯುವ ಎಫ್‌.ಡಿ. ಆದರೆ ಈ ಇಡೀ ಏರ್ಪಾಡಿಗೆ ಅರ್ಥವೇ ಇಲ್ಲ. ಆಗಸ್ಟಿನಲ್ಲಿ ಬೋಟು ಇಳಿದು ಮೊದಲ ದುಡ್ಡು ಬಂದಾಗ ಓ.ಡಿ.ಗೆ ಕಟ್ಟಿ. ದಸರಾ ದಾಟಲು ಬಿಡಬೇಡಿ.

ಫೋನಿಗೆ 'ನಿಮಗೆ 1.5 ಲಕ್ಷದ ಓ.ಡಿ. ಮಂಜೂರಾಗಿದೆ, ಒತ್ತಿ' ಅಂತ ಮೆಸೇಜ್ ಬರುತ್ತದಲ್ಲ, ಅದು ಬೇರೆ ಜಾತಿ. ಅಡವಿಲ್ಲದ ಓ.ಡಿ. ಅದು, ಬಡ್ಡಿ ಬಹಳ ಜಾಸ್ತಿ. ಒತ್ತಬೇಡಿ. ಬ್ಯಾಂಕಿನ ಹೆಸರಿನಲ್ಲಿ ಬರುವ ಇಂಥ ಲಿಂಕುಗಳಲ್ಲಿ ಎಷ್ಟೋ ಬ್ಯಾಂಕಿನದ್ದೇ ಅಲ್ಲ.

ಇನ್ನು ಚಿಲ್ಲರೆ ಕಡಿತಗಳು. ಆ 236 ನಿಮ್ಮ ಡೆಬಿಟ್ ಕಾರ್ಡಿನ ವರ್ಷದ ಚಾರ್ಜ್, 200 ಮತ್ತು ಜಿ.ಎಸ್‌.ಟಿ. 36. ನಿಮ್ಮದು ಮೇಲ್ದರ್ಜೆಯ ಕಾರ್ಡು, ಯಾವಾಗಲೋ ಅವರೇ ಕಳಿಸಿರುತ್ತಾರೆ. ಸಾದಾ ಕಾರ್ಡಿಗೆ ಬದಲಾಯಿಸಿ ಅಂತ ಬರೆದುಕೊಟ್ಟರೆ ಕಡಿಮೆಯಾಗುತ್ತದೆ. ನನ್ನದೇ ಕಥೆ ಕೇಳಿ. ಮಗ ಧಾರವಾಡದಲ್ಲಿ ಓದುವಾಗ ಅವನಿಗೆ ದುಡ್ಡು ಕಳಿಸಲು ಒಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದೆ. ಅವನು ಓದು ಮುಗಿಸಿ ಕೆಲಸ ಹಿಡಿದ, ನಾನು ಖಾತೆ ಮರೆತೆ. ನಾಲ್ಕು ವರ್ಷ ಬಿಟ್ಟು ಹೋಗಿ ನೋಡಿದರೆ ಕಾರ್ಡಿನದು, ಮೆಸೇಜಿನದು ಅಂತ ಒಂದು ಸಾವಿರಕ್ಕೂ ಮೇಲೆ ಹೋಗಿತ್ತು. ಜಗಳ ಮಾಡಲು ಬಾಯಿ ಬರಲಿಲ್ಲ. ಇಂಥ ಖಾತೆಗಳಿಗೆ ಈಗ ಸ್ವಲ್ಪ ಆಸರೆ ಇದೆ. ಎರಡು ವರ್ಷ ನೀವಾಗಿ ಏನೂ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯವಾಗುತ್ತದೆ. 2024ರ ಏಪ್ರಿಲ್ 1ರಿಂದ ಅಂಥ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲೂ ಚಾರ್ಜ್ ಕೇಳುವಂತಿಲ್ಲ. ಬೇಡದ ಖಾತೆಯನ್ನು ಸುಮ್ನೆ ಇಟ್ಟುಕೊಳ್ಳುವುದಕ್ಕಿಂತ ಮುಚ್ಚಿಸುವುದು ಮೇಲು.

ಎ.ಟಿ.ಎಂ.ಗೆ ಬಂದರೆ, ಕಾರವಾರದಂಥ ಊರಿನಲ್ಲಿ ತಿಂಗಳಿಗೆ ನಿಮ್ಮ ಬ್ಯಾಂಕಿನಲ್ಲಿ ಐದು ಸಲ, ಬೇರೆ ಬ್ಯಾಂಕಿನದರಲ್ಲಿ ಐದು ಸಲ ಉಚಿತ. ಮಹಾನಗರಗಳಲ್ಲಿ ಬೇರೆ ಬ್ಯಾಂಕಿನದಕ್ಕೆ ಮೂರೇ. ಆಮೇಲೆ ಒಂದೊಂದಕ್ಕೂ 23 ರೂಪಾಯಿ ತನಕ, 2025ರ ಮೇ 1ರಿಂದ ಇದೇ ಗರಿಷ್ಠ, ಜಿ.ಎಸ್‌.ಟಿ. ಸೇರಿದರೆ 27 ರೂಪಾಯಿ 14 ಪೈಸೆ. ಬೇರೆ ಬ್ಯಾಂಕಿನ ಎ.ಟಿ.ಎಂ.ನಲ್ಲಿ ಬರೀ ಬ್ಯಾಲೆನ್ಸ್ ನೋಡಿದರೂ ಒಂದು ಸಲ ಅಂತ ಲೆಕ್ಕ. ಖಾತೆಯಲ್ಲಿ ಇಲ್ಲದಷ್ಟು ಒತ್ತಿ ವಾಪಸಾದರೆ ಕೆಲವು ಬ್ಯಾಂಕು ಅದಕ್ಕೂ ಕಡಿಯುತ್ತವೆ. ಯಂತ್ರ ಕೆಟ್ಟು, ನೋಟಿಲ್ಲದೆ ವಾಪಸಾದದ್ದು ಮಾತ್ರ ಲೆಕ್ಕಕ್ಕೆ ಇಲ್ಲ. ದುಡ್ಡು ಬಾರದೆ ಖಾತೆಯಿಂದ ಕಡಿದು ಹೋದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಬ್ಯಾಂಕೇ ಕೊಡಬೇಕು. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಆದೇಶ ಅದು, ಕೇಳುವವರು ಕಡಿಮೆ.

ಕಡಿದದ್ದು ವಾಪಸ್ ಸಿಗುತ್ತದೆಯೇ ಅಂತ ಕೇಳಿದ್ದೀರಿ. ಮೊದಲ 295 ಸಿಗುವುದು ಕಷ್ಟ, ಬೌನ್ಸ್ ಆದದ್ದು ನಿಜ. ಎರಡನೆಯದನ್ನೂ ಕರೆಂಟ್ ಖಾತೆಯ 472ನ್ನೂ ಕೇಳಿ ನೋಡಬಹುದು. ಬಾಯಲ್ಲಿ ಕೇಳಬೇಡಿ. ಒಂದು ಹಾಳೆಯಲ್ಲಿ ಖಾತೆ ನಂಬರು, ಕಡಿದ ತಾರೀಖು, ಮೊತ್ತ ಬರೆದು, 'ಹಲವು ವರ್ಷದ ಗಿರಾಕಿ, ಇದು ಮೊದಲ ಸಲ, ಮೀನುಗಾರಿಕೆ ರಜೆಯಿಂದ ವ್ಯಾಪಾರ ಇರಲಿಲ್ಲ, ದಯವಿಟ್ಟು ರಿವರ್ಸ್ ಮಾಡಿಕೊಡಿ' ಅಂತ ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. ಮ್ಯಾನೇಜರಿಗೆ ಶಿಫಾರಸು ಮಾಡಲು ದಾರಿ ಇರುತ್ತದೆ. ಒಂದು ಲಕ್ಷದ ಎಫ್‌.ಡಿ. ಇಟ್ಟವರು, ಓ.ಡಿ.ಯೂ ಮಾಡಿಸುತ್ತಿರುವವರು. ಮರ್ಯಾದೆಯಿಂದ ಕೇಳಿದರೆ ಮಾಡುತ್ತಾರೆ ಅಂತ ನನ್ನ ಲೆಕ್ಕ.

ನಿಯಮಕ್ಕೆ ವಿರುದ್ಧವಾಗಿ ಕಡಿದಿದ್ದಾರೆ ಅಂತ ಅನ್ನಿಸಿದರೆ ದಾರಿ ಬೇರೆ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಾಯಬೇಕು. ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನಲ್ಲಿ ಇಂಥ ದೂರು ವಿಚಾರಿಸುವ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಖರ್ಚಿಲ್ಲ, ವಕೀಲರು ಬೇಡ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಊರಿನ ಸೇವಾ ಸಹಕಾರಿ ಸಂಘಕ್ಕೆ ಈ ದಾರಿ ನಡೆಯುವುದಿಲ್ಲ, ಅವು ಸಹಕಾರ ಇಲಾಖೆಯ ಕೆಳಗೆ ಬರುತ್ತವೆ.

ಮುಂದಿನ ಮಳೆಗಾಲಕ್ಕೆ ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂದರೆ, ಕಂತು, ವಿಮೆ ಎಲ್ಲ ತಾನಾಗಿ ಹೋಗುವ ದುಡ್ಡಿಗೆ ಆ ಎಸ್‌.ಬಿ. ಖಾತೆಯನ್ನೇ ಬಿಟ್ಟುಬಿಡುತ್ತಿದ್ದೆ. ಅದರ ಕಾರ್ಡು ಮನೆಯ ಕಪಾಟಿನಲ್ಲಿ, ಅದರ ಯು.ಪಿ.ಐ. ಬಂದ್. ಮೇ 25ರೊಳಗೆ ಅದರಲ್ಲಿ ಎರಡು ಕಂತಿನ 7,700, ವಿಮೆಯ 456, ಮೇಲೆ ಒಂದು ಐನೂರು. ಒಟ್ಟು 8,656. ಏಪ್ರಿಲ್-ಮೇ ತಿಂಗಳಲ್ಲಿ ಬೋಟಿನವರು ಬಲೆಗೆ, ಹಗ್ಗಕ್ಕೆ ದುಡ್ಡು ಕೊಟ್ಟಾಗಲೇ ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಭಾರವಾಗುವುದಿಲ್ಲ. ಹಾಗೆ ಮಾಡಿದರೆ ಓ.ಡಿ. ಮುಟ್ಟುವ ಪ್ರಸಂಗವೇ ಬರಲಿಕ್ಕಿಲ್ಲ.

ಕೊನೆಗೆ ಅಮ್ಮನ ಖಾತೆ. 10,000 ಹೌದು. ಜನಧನ್ ಶುರುವಾದದ್ದು 2014ರ ಆಗಸ್ಟ್ 28ರಂದು, ಆಗ ಓ.ಡಿ. 5,000 ಇತ್ತು, 2018ರಲ್ಲಿ 10,000 ಮಾಡಿದರು. ಆದರೆ ಅದು ಸರ್ಕಾರ ಸುಮ್ನೆ ಕೊಡುವ ದುಡ್ಡಲ್ಲ, ಬಡ್ಡಿಯ ಸಾಲ. ಖಾತೆ ತೆರೆದು ಆರು ತಿಂಗಳಾಗಿರಬೇಕು, ವ್ಯವಹಾರ ಸರಿಯಾಗಿ ನಡೆದಿರಬೇಕು. ಒಂದು ಮನೆಗೆ ಒಬ್ಬರಿಗೆ ಮಾತ್ರ, ಹೆಂಗಸರಿಗೆ ಆದ್ಯತೆ. 2,000 ತನಕ ಹೆಚ್ಚು ಷರತ್ತಿಲ್ಲ, ಅದರ ಮೇಲೆ ಬ್ಯಾಂಕು ನೋಡಿ ಕೊಡುತ್ತದೆ. ವಯಸ್ಸು 18ರಿಂದ 65ರ ಒಳಗಿರಬೇಕು. ಅಮ್ಮನ ವಯಸ್ಸು ನೀವು ಬರೆದಿಲ್ಲ. ಆಧಾರ್ ಕಾರ್ಡಿನಲ್ಲಿ ಹುಟ್ಟಿದ ವರ್ಷ ನೋಡಿಕೊಂಡೇ ಅವರನ್ನು ಮಳೆಯಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋಗಿ.